ಪಿಟೀಲಿನ ಅಡಿಯಲ್ಲಿ ನಲವತ್ತೆರಡು ಹೆಜ್ಜೆ

ಸಿನಿಮಾ ಶುರುವಾಗಿ ಹದಿನೇಳನೇ ನಿಮಿಷಕ್ಕೆ ನನ್ನ ತಮ್ಮನ ಹೆಂಡತಿ ಅಳತೊಡಗಿದಳು. ಅವಳದೇನೂ ತಪ್ಪಿಲ್ಲ, ಅಳಿಸಲೆಂದೇ ಮಾಡಿದ ಸಿನಿಮಾ ಅದು. ಪರದೆಯ ಮೇಲೆ ತಾಯಿ ಹೊಲಿಗೆ ಮಷಿನ್ ಮುಂದೆ ಕೂತಿದ್ದಳು, ನಾಲ್ವರು ಮಕ್ಕಳು ಅವಳ ಕಾಲ ಬಳಿ ಒಬ್ಬರ ಮೇಲೊಬ್ಬರು ಮಲಗಿದ್ದರು, ಇಪ್ಪತ್ತು ಮೂವತ್ತು ಪಿಟೀಲುಗಳು ಒಟ್ಟಿಗೆ ಕುಯ್ಯುತ್ತಿದ್ದವು. ನನ್ನ ಎಡಗಡೆ ಕೂತಿದ್ದ ಅಪ್ಪ ಮಾತ್ರ ಕತ್ತು ಮುಂದಕ್ಕೆ ಚಾಚಿ, ಬಲಗಿವಿಯನ್ನು ಪರದೆಯ ಕಡೆ ತಿರುಗಿಸಿ, "ಈಗ ಬರುತ್ತಾ?" ಅಂದ.

"ಬಂತು ಅಪ್ಪ. ಈಗ ಓಡ್ತಾ ಇದೆ."

"ಏನು ಓಡ್ತಾ ಇದೆ?"

"ಮಷಿನ್."

"ಎಲ್ಲಿ?" ಅಂದ ಅಪ್ಪ.

ಆ ಮಷಿನ್ನಿನ ಸದ್ದು ಮಾಡಿದವಳು ನಾನು. ಅದನ್ನು ಮಾಡಲು ಹೇಳಿಕೊಟ್ಟವನು ಅವನು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಹುಡುಕಿದರೂ ಅದು ನಮಗೆ ಸಿಗಲಿಲ್ಲ.

ನನ್ನ ಕೆಲಸ ಏನು ಅಂತ ಹೇಳಿದರೆ ಅರ್ಧ ಜನ ನಗುತ್ತಾರೆ, ಉಳಿದರ್ಧ ಜನ ನಂಬುವುದಿಲ್ಲ. ಶೂಟಿಂಗಿನಲ್ಲಿ ಮೈಕು ಮಾತನ್ನು ಹಿಡಿಯುತ್ತದೆ. ಉಳಿದ ಸದ್ದನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಪರದೆ ನೋಡುತ್ತಾ ಯಾರಾದರೂ ಮಾಡಬೇಕು. ಆ ಯಾರಾದರೂ ಅಂದರೆ ನಾನು. ನಮ್ಮ ಕೋಣೆಯ ನೆಲದಲ್ಲಿ ಚೌಕಚೌಕವಾಗಿ ಎಂಟು ಬಗೆಯ ನೆಲ ಹಾಸಿದೆ: ಮರ, ಸಿಮೆಂಟು, ಜಲ್ಲಿ, ಮರಳು, ಹೀಗೆ. ಗೋಡೆಯ ಉದ್ದಕ್ಕೂ ಎಪ್ಪತ್ತು ಜೊತೆ ಬೂಟು ಚಪ್ಪಲಿ. ನಾಯಕ ಓಡಿದರೆ ನಾನು ನಿಂತಲ್ಲೇ ಓಡುತ್ತೇನೆ. ನಾಯಕಿ ತಲೆ ಬಾಚಿಕೊಂಡರೆ ಪೊರಕೆ ಸವರುತ್ತೇನೆ. ಹಕ್ಕಿ ಹಾರಿದರೆ ಚರ್ಮದ ಕೈಗವಸು ಬಡಿಯುತ್ತೇನೆ, ಮನೆಗೆ ಬೆಂಕಿ ಬಿದ್ದರೆ ಪ್ಲಾಸ್ಟಿಕ್ ಹಾಳೆ ಹಿಸುಕುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಎಷ್ಟು ಸಲ ಮೆಟ್ಟಿಲಿಂದ ಉರುಳಿದ್ದೇನೋ, ಎಷ್ಟು ಜನರ ಕಪಾಳಕ್ಕೆ ಬಾರಿಸಿದ್ದೇನೋ ಲೆಕ್ಕ ಇಟ್ಟವರಿಲ್ಲ.

ಅಪ್ಪನಿಗೆ ಇದೊಂದು ಕೆಲಸ ಅಂತ ಎಂದೂ ಅನಿಸಿದ್ದಿಲ್ಲ. ಅವನು ಐವತ್ತು ವರ್ಷ ಹೊಲಿಗೆ ಮಷಿನ್ ರಿಪೇರಿ ಮಾಡಿದವನು. ಅಂಗಡಿಗೆ ಮಷಿನ್ ಬಂದರೆ ಮೊದಲು ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ತಂದವರ ಕೈಯಲ್ಲೇ ನಾಲ್ಕು ಸುತ್ತು ಓಡಿಸಿ, ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತು ಕೇಳುತ್ತಿದ್ದ. "ಶಟಲ್ ಸವೆದಿದೆ." "ಬೆಲ್ಟ್ ಜಾರ್ತಿದೆ." "ಸೂಜಿ ತಿರುಚಿ ಹಾಕಿದೀರಲ್ಲಮ್ಮ, ಪಾಪ, ಅದು ಒದ್ದಾಡ್ತಾ ಇದೆ." ನೂರಕ್ಕೆ ತೊಂಬತ್ತೈದು ಸಲ ಅವನ ಮಾತು ಸರಿ ಇರುತ್ತಿತ್ತು. ಸದ್ದು ಅಂದರೆ ಅವನ ಪಾಲಿಗೆ ಕಾಯಿಲೆಯ ಲಕ್ಷಣ. ಆರೋಗ್ಯವಂತ ಮಷಿನ್ ಪಿಸುಗುಡಬೇಕು ಅಷ್ಟೆ. "ಜನ ಸದ್ದು ನಿಲ್ಸೋಕೆ ನನ್ನ ಹತ್ರ ಬರ್ತಾರೆ. ನೀನು ಸದ್ದು ಮಾಡೋಕೆ ಸಂಬಳ ತಗೋತೀಯ," ಅನ್ನುತ್ತಿದ್ದ. ಮನೆಗೆ ಬಂದವರ ಮುಂದೆ, "ನನ್ನ ಮಗಳು ಚಪ್ಪಲಿ ಬಡಿಯೋ ಕೆಲಸದಲ್ಲಿದ್ದಾಳೆ," ಅಂತ ಪರಿಚಯ ಮಾಡಿಕೊಡುತ್ತಿದ್ದ. ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಅಪ್ಪನ ಕಣ್ಣು ಹೋಗಲು ಶುರುವಾಯಿತು. ಕಣ್ಣೊಳಗಿನ ಒತ್ತಡ ಏರಿ ನರ ಒಣಗಿದೆ, ಹೋದದ್ದು ಬರುವುದಿಲ್ಲ ಅಂತ ಡಾಕ್ಟರು ಹೇಳಿದರು. ಎರಡು ವರ್ಷಕ್ಕೆ ಪೂರ್ತಿ ಹೋಯಿತು. ಅಮ್ಮ ಅದಕ್ಕಿಂತ ಮುಂಚೆಯೇ ಹೋಗಿದ್ದಳು, ಹಾಗಾಗಿ ಅಂಗಡಿ ಮುಚ್ಚಿ ನನ್ನ ಮನೆಗೆ ಬಂದ. ಅದರ ಬಗ್ಗೆ ಅವನು ಗೋಳಾಡಿದವನಲ್ಲ, ಮಾತೇ ಆಡಿದವನಲ್ಲ. ತನ್ನ ಮಷಿನ್ ಒಂದನ್ನು ಜೊತೆಗೆ ತಂದಿದ್ದ, ಕಿಟಕಿ ಪಕ್ಕ ಇಟ್ಟುಕೊಂಡು ದಿನಾ ಒರೆಸುತ್ತಿದ್ದ.

ಈ ಸಿನಿಮಾ ಕೈಗೆ ಬಂದಾಗ ನನಗೆ ಆ ಮಷಿನ್ ನೆನಪಾಯಿತು. ಕಥೆ ಕೇಳಿ: ಮಗ ಮಾಡಿದ ತಪ್ಪನ್ನು ತಂದೆ ತನ್ನ ಮೇಲೆ ಹಾಕಿಕೊಂಡು ಹನ್ನೆರಡು ವರ್ಷ ಜೈಲಿಗೆ ಹೋಗುತ್ತಾನೆ. ತಾಯಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕುತ್ತಾಳೆ. ಉಳಿದ ಮಕ್ಕಳಿಗೆ ನಿಜ ಗೊತ್ತಿಲ್ಲ, ಅಪ್ಪನನ್ನು ದ್ವೇಷಿಸುತ್ತಾರೆ. ಕೊನೆಗೆ ನಿಜ ಗೊತ್ತಾಗುತ್ತದೆ, ಅಪ್ಪ ವಾಪಸ್ಸು ಬರುತ್ತಾನೆ, ಎಲ್ಲರೂ ಬಾಗಿಲಲ್ಲಿ ನಿಂತು ಅಳುತ್ತಾರೆ. ಹೇಳಿದರೆ ನಗು ಬರುತ್ತದೆ, ಆದರೆ ಮಾತಿಲ್ಲದ ದೃಶ್ಯಗಳು ಅದರಲ್ಲಿ ಬೇಕಾದಷ್ಟಿದ್ದವು, ಮತ್ತು ಮಾತಿಲ್ಲದ ಕಡೆ ನನಗೆ ಜಾಗ ಇರುತ್ತದೆ. ನಾನು ಹುರುಪಿನಿಂದಲೇ ಒಪ್ಪಿಕೊಂಡೆ.

ಮಷಿನ್ ದೃಶ್ಯದ ಬಗ್ಗೆ ಅಪ್ಪನಿಗೆ ಸುಮ್ಮನೆ ಹೇಳಿದ್ದೆ. ಅವನು ತಲೆಯೆತ್ತಿ, "ಹಗಲು ರಾತ್ರಿ ಓಡಿರೋ ಮಷಿನ್ ಅಂದ್ರೆ ಹಂಗೆ ಪಿಸುಗುಡಲ್ಲ. ಅದಕ್ಕೆ ಸುಸ್ತಾಗಿರುತ್ತೆ. ಇರು," ಅಂದ. ಮೂರು ದಿನ ಅದರ ಮುಂದೆ ಕೂತ. ಬೆರಳಲ್ಲೇ ತಡವಿ ಬೆಲ್ಟ್ ಸಡಿಲ ಮಾಡಿದ, ಒಂದು ಸ್ಕ್ರೂ ಅರ್ಧ ಸುತ್ತು ಬಿಟ್ಟ, ಎಣ್ಣೆ ಒರೆಸಿ ತೆಗೆದ. ಐವತ್ತು ವರ್ಷ ಮಷಿನ್ ಸರಿ ಮಾಡಿದವನು ಜೀವನದಲ್ಲಿ ಮೊದಲ ಸಲ ಒಂದು ಮಷಿನ್ ಕೆಡಿಸುತ್ತಿದ್ದ, ಅದೂ ಎಷ್ಟು ಪ್ರೀತಿಯಿಂದ! ಸ್ಟುಡಿಯೋದಿಂದ ರೆಕಾರ್ಡರ್ ತಂದು ಮನೆಯಲ್ಲೇ ಹಿಡಿದೆ. ಸದ್ದು ಬಲು ಚೆನ್ನಾಗಿ ಬಂದಿತ್ತು. ಅಪ್ಪ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದ. ಸಿನಿಮಾ ಬಿಡುಗಡೆ ಯಾವಾಗ ಅಂತ ವಾರಕ್ಕೊಮ್ಮೆ ಕೇಳಿದ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಸಿನಿಮಾಕ್ಕೂ ಬಾರದವನು, "ಮೊದಲನೇ ಭಾನುವಾರವೇ ಹೋಗೋಣ ಕಣೇ. ನಾನೂ ಕೇಳ್ಬೇಕು," ಅಂದ.

ಆ ಭಾನುವಾರದ ಮ್ಯಾಟಿನಿಯಲ್ಲೇ ನಾವು ಕೂತಿದ್ದದ್ದು. ಆಗ ನನಗಿದ್ದ ಆಸೆ ಇಷ್ಟೇ: ಅಪ್ಪ ಒಂದು ಸಲ ನನ್ನ ಕೆಲಸ ಕೇಳಲಿ, ಕೇಳಿ ಅದನ್ನು ಕೆಲಸ ಅನ್ನಲಿ. ನಲವತ್ತೇಳು ವರ್ಷದ ಹೆಂಗಸಿಗೆ ಇದೆಂಥ ಹುಡುಗಾಟದ ಆಸೆ ಅಂತ ಯಾರಾದರೂ ಕೇಳಬಹುದು. ಕೇಳಲಿ. ಇತ್ತು.

ಮಷಿನ್ ದೃಶ್ಯ ಹೋಯಿತು. ಊಟದ ದೃಶ್ಯ ಬಂತು. ಅದಕ್ಕೆ ನಾನು ಎರಡು ದಿನ ಕಷ್ಟಪಟ್ಟಿದ್ದೆ, ಐದು ತಟ್ಟೆಗೆ ಐದು ಬೇರೆ ಬೇರೆ ಸದ್ದು ಕೊಟ್ಟಿದ್ದೆ. ಕೊಳಲು ಬಂದು ಎಲ್ಲವನ್ನೂ ನುಂಗಿತು. ಹಿರಿಮಗ ಬಾಗಿಲು ಬಡಿದುಕೊಂಡು ಹೋದ. ಆ ಬಾಗಿಲ ಬಡಿತವನ್ನಾದರೂ ಬಿಡುತ್ತಾರೆ ಅಂದುಕೊಂಡಿದ್ದೆ, ಅದರ ಮೇಲೆ ಡೋಲು ಹಾಕಿದ್ದರು. ಯಾರೂ ಉಸಿರಾಡುತ್ತಿರಲಿಲ್ಲ, ಯಾರೂ ಕುರ್ಚಿ ಎಳೆಯುತ್ತಿರಲಿಲ್ಲ. ಆ ಮನೆಯಲ್ಲಿ ಬರೀ ಬಿಕ್ಕುತ್ತಿದ್ದರು, ಬಿಕ್ಕು ನಿಂತ ಕಡೆ ಪಿಟೀಲು ಬಿಕ್ಕುತ್ತಿತ್ತು. ಎಲ್ಲ ಅಳುವನ್ನೂ ಅವರೇ ಅತ್ತು ಮುಗಿಸಿದ ಮೇಲೆ ನಮಗೇನು ಕೆಲಸ? ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಲಗಡೆ ತಮ್ಮನ ಹೆಂಡತಿ ಎರಡನೇ ಕರವಸ್ತ್ರ ತೆಗೆದಳು.

"ಮಾವ, ಈಗ ಅವರು ಗೇಟ್ ಹತ್ರ ಬಂದ್ರು," ಅಂತ ನನ್ನ ಮೇಲಿಂದ ಬಾಗಿ ಅಪ್ಪನಿಗೆ ಮೂಗು ಸೊರಸೊರ ಎನ್ನಿಸುತ್ತಾ ಹೇಳಿದಳು. "ಹನ್ನೆರಡು ವರ್ಷ ಆದ್ಮೇಲೆ!"

ಅದು ಕೊನೆಯ ದೃಶ್ಯ. ತಂದೆ ಗೇಟಿನಿಂದ ಮನೆಬಾಗಿಲಿಗೆ ನಡೆದು ಬರುತ್ತಾನೆ. ಮಾತಿಲ್ಲ, ನಲವತ್ತೆರಡು ಹೆಜ್ಜೆ. ಈ ನಲವತ್ತೆರಡು ಹೆಜ್ಜೆಯ ವಿಷಯ ಹೇಳಲೇಬೇಕು, ಯಾಕೆಂದರೆ ಇಡೀ ಸಿನಿಮಾದಲ್ಲಿ ನನಗೆ ಹೆಮ್ಮೆ ಇದ್ದದ್ದು ಅದರ ಮೇಲೆ. ರೆಕಾರ್ಡಿಂಗ್ ದಿನ ನಿರ್ದೇಶಕ ನನ್ನ ಬೆನ್ನ ಹಿಂದೆ ಕೂತು, ಹತ್ತು ಸಲ ಮಾಡಿಸಿ ಹತ್ತು ಸಲವೂ "ಫೀಲ್ ಬರ್ತಿಲ್ಲ ಮೇಡಂ" ಅಂದಿದ್ದ. ಹನ್ನೊಂದನೇ ಸಲ ನನಗೆ ರೇಗಿತು. ಹಳೇ ಚಪ್ಪಲಿ ಮೆಟ್ಟಿ, ಸಿಮೆಂಟು ಚೌಕದ ಮೇಲೆ ನಿಂತು, ಪರದೆಯಲ್ಲಿ ನಟನ ಹೆಗಲು ಮೇಲೇರುವ ಹೊತ್ತನ್ನು ಮಾತ್ರ ನೋಡುತ್ತಾ, ಕಾಲಿಗೆ ಹೇಗೆ ತೋಚಿತೋ ಹಾಗೆ ನಡೆದೆ. ಎಲ್ಲಿಂದ ಬಂತೋ ಆ ನಡಿಗೆ. ನಲವತ್ತೆರಡು ಹೆಜ್ಜೆ ಮುಗಿದಾಗ ನಿರ್ದೇಶಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಗಾಜಿನ ಆಚೆ ಕೂತು ರೆಕಾರ್ಡ್ ಮಾಡುವ ನಮ್ಮ ಗೆಳೆಯ, ಎಲ್ಲದಕ್ಕೂ "ಕೇಳಿಸ್ಲಿಲ್ಲ, ಇನ್ನೊಂದ್ಸಲ" ಅನ್ನುವುದರಿಂದ ನಾವು ಕಿವುಡ ಅಂತಲೇ ಕರೆಯುವವನು, ಅವತ್ತು ಇನ್ನೊಂದು ಸಲ ಅನ್ನಲಿಲ್ಲ.

ಥಿಯೇಟರಿನಲ್ಲಿ ಆ ನಲವತ್ತೆರಡು ಹೆಜ್ಜೆಯಲ್ಲಿ ಒಂದೇ ಒಂದು ಹೆಜ್ಜೆಯೂ ಕೇಳಲಿಲ್ಲ. ನೂರು ಪಿಟೀಲು. ಮೇಲೆ ಹಾಡು. ನಟ ನೆಲದ ಮೇಲೆ ತೇಲಿಕೊಂಡು ಬಂದು ಬಾಗಿಲಲ್ಲಿ ನಿಂತ. ಮುನ್ನೂರು ಜನ ಒಟ್ಟಿಗೆ ಮೂಗು ಸೀಟಿದರು, ಇಡೀ ಮ್ಯಾಟಿನಿಯಲ್ಲಿ ನಿಜವಾದ ಸದ್ದು ಅಂತ ಇದ್ದರೆ ಅದೊಂದೇ.

ಹೊರಗೆ ಬಂದಾಗ ಬಿಸಿಲು ಇನ್ನೂ ಇತ್ತು. ತಮ್ಮನ ಹೆಂಡತಿ ಮುಖ ತೊಳೆದುಕೊಂಡು ಬರುತ್ತೇನೆ ಅಂತ ಹೋದಳು. ಅಪ್ಪ ಗೋಡೆಗೆ ಒರಗಿ ನಿಂತ. ಆಮೇಲೆ ಮೆಲ್ಲಗೆ ಕೇಳಿದ, "ಆ ಮನೇಲಿ ಯಾರೂ ಊಟ ಮಾಡಲ್ವಾ? ತಟ್ಟೆ ಸದ್ದೇ ಇಲ್ಲ."

"ಮಾಡ್ತಾರೆ ಅಪ್ಪ. ಮೇಲೆ ಮ್ಯೂಸಿಕ್ ಹಾಕ್ಬಿಟ್ರು."

"ಮಷಿನ್ ಮೇಲೂ?"

"ಹೂಂ."

ತನ್ನ ಮೂರು ದಿನ ಹೋಯಿತಲ್ಲ ಅಂತ ಸಿಟ್ಟು ಮಾಡಿಕೊಳ್ಳುತ್ತಾನೆ ಅಂದುಕೊಂಡೆ. ಸಿಟ್ಟೇ ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ನನ್ನ ಭುಜ ತಡವಿ, "ಇಪ್ಪತ್ತೆರಡು ವರ್ಷದಿಂದ ಹಿಂಗೇನಾ? ನೀನು ಮಾಡೋದು, ಅವರು ಮುಚ್ಚೋದು? ಪಾಪ ಕಣೇ ನೀನು," ಅಂದ.

ಚಪ್ಪಲಿ ಬಡಿಯುವವಳು ಅಂದಾಗ ನಾನು ತಡೆದುಕೊಂಡಿದ್ದೆ. ಈ 'ಪಾಪ'ವನ್ನು ನನ್ನಿಂದ ತಡೆಯಲಾಗಲಿಲ್ಲ. ಇಷ್ಟು ವರ್ಷ ಅವನು ನನ್ನ ಕೆಲಸವನ್ನು ತಮಾಷೆ ಮಾಡುತ್ತಿದ್ದ, ಈಗ ಅದಕ್ಕೆ ಕರಗುತ್ತಿದ್ದ. ತಮಾಷೆಯಲ್ಲಿ ಒಂದು ಕೆಲಸವಾದರೂ ಇತ್ತು.

ಮನೆಗೆ ಬಂದು ನಿರ್ದೇಶಕನಿಗೆ ಫೋನ್ ಮಾಡಿದೆ. ಹಲೋ ಗಿಲೋ ಏನೂ ಇಲ್ಲ.

"ನಲವತ್ತೆರಡು ಹೆಜ್ಜೆ ಎಲ್ಲಿ ಹೋಯ್ತು?"

"ಅಯ್ಯೋ ಮೇಡಂ, ಅದು ಸೂಪರ್ ಆಗಿತ್ತು. ಆದ್ರೆ ಸ್ವಲ್ಪ ಡ್ರೈ ಅನ್ನಿಸ್ತು. ಮ್ಯೂಸಿಕ್ ಹಾಕಿದ್ಮೇಲೆ ನೋಡಿ ಹೆಂಗೆ ಎದ್ದು ನಿಂತಿದೆ! ಜನ ಅತ್ರೋ ಇಲ್ವೋ?"

"ಅತ್ರು. ಈರುಳ್ಳಿ ಹೆಚ್ಚಿದ್ರೂ ಅಳ್ತಾರೆ."

"ನೀವು ಯಾವಾಗ್ಲೂ ಹಿಂಗೇ ಮೇಡಂ," ಅಂತ ನಕ್ಕು ಇಟ್ಟುಬಿಟ್ಟ. ಕೆಟ್ಟವನೇನಲ್ಲ, ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಒಂದು ನಿಮಿಷ ಸುಮ್ಮನಿದ್ದರೆ ಜನ ಎದ್ದು ಹೋಗುತ್ತಾರೆ ಅಂತ ಅವನಿಗೆ ಭಯ.

ಸೋಮವಾರ ಬೆಳಿಗ್ಗೆ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಸ್ಟುಡಿಯೋಗೆ ಹೋದೆ. ಎಲ್ಲಿಗೆ ಅಂತ ಕೇಳಿದ್ದಕ್ಕೆ, "ಬಾ ಸುಮ್ನೆ," ಅಂದೆ. ನಾವು ಮಾಡಿದ ಸದ್ದೆಲ್ಲ ಬೇರೆಯಾಗಿ, ಮಾತು ಸಂಗೀತ ಯಾವುದೂ ಸೇರದ ಹಾಗೆ, ಕಿವುಡನ ಹತ್ತಿರ ಇರುತ್ತದೆ. ಅದೊಂದನ್ನೇ ಹಾಕು ಅಂತ ಅವನಿಗೆ ಮೊದಲೇ ಹೇಳಿದ್ದೆ. ಅವನು ಅಪ್ಪನಿಗೆ ಒಳ್ಳೆಯ ಕುರ್ಚಿ ಕೊಟ್ಟು, "ಯಜಮಾನ್ರೇ, ಸಿನಿಮಾ ತೋರಿಸೋರು ಬೇಕಾದಷ್ಟು ಜನ ಇದಾರೆ, ನಾವು ಕೇಳಿಸ್ತೀವಿ," ಅಂದ.

ಮೊದಲು ಐದು ನಿಮಿಷ ಅಪ್ಪ ಅಲುಗಾಡಲಿಲ್ಲ. ನಾನು ಅವನ ಮುಖ ನೋಡುತ್ತಾ ನಿಂತಿದ್ದೆ, ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾದವಳ ಹಾಗೆ. ಆಮೇಲೆ ಅವನ ಹುಬ್ಬು ಮೇಲೇರಿತು.

"ಇವನು ಕುಡಿದು ಬಂದಿದಾನೆ ಅಲ್ವಾ?"

"ಹೌದು. ಹಿರಿಮಗ."

"ಬೀಗದ ಕೈ ಎರಡು ಸಲ ತಪ್ಪಿತು."

ಊಟದ ದೃಶ್ಯಕ್ಕೆ ಅವನು ಬೆರಳು ಮಡಿಸಿ ಎಣಿಸಿದ. "ಐದು ಜನ. ಇಲ್ಲ, ನಾಲ್ಕು ಜನ ಉಣ್ತಿದಾರೆ. ಒಬ್ಬ ಬರೀ ಕೆದಕ್ತಿದಾನೆ, ಬಾಯಿಗೆ ಇಡ್ತಿಲ್ಲ. ಸಣ್ಣೋನು ಇರ್ಬೇಕು." ಸಣ್ಣವನೇ. ಇಡೀ ತಂಡದಲ್ಲಿ ಅದನ್ನು ಗಮನಿಸಿದವರು ಯಾರೂ ಇರಲಿಲ್ಲ. ನಾನು ಖುಷಿಯಲ್ಲಿ ಕಿವುಡನ ಬೆನ್ನಿಗೆ ಒಂದು ಗುದ್ದಿದೆ. ಆಮೇಲೆ ಹಿಂದಕ್ಕೆ ಹೋಗಿ ಮಷಿನ್ ದೃಶ್ಯ ಹಾಕಿಸಿದೆ, ಅದು ಸುಸ್ತಾಗಿ, ಎಳೆದೆಳೆದುಕೊಂಡು ಓಡಿತು. ಅಪ್ಪ ಬಾಯಿ ತೆರೆದು ಕೇಳಿದ, ಆಮೇಲೆ, "ಬೆಲ್ಟ್ ಇನ್ನೂ ಒಂದು ಚೂರು ಬಿಡ್ಬೇಕಿತ್ತು ನಾನು," ಅಂದ. ಅವನ ಮುಖದಲ್ಲಿ ನಿನ್ನೆಯ 'ಪಾಪ' ಎಳ್ಳಷ್ಟೂ ಇರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಅಲ್ಲಿಗೇ ನಿಲ್ಲಿಸಿ ಅವನನ್ನು ಮನೆಗೆ ಕರೆದುಕೊಂಡು ಹೋಗಿದ್ದರೆ ನಾನು ಗೆದ್ದವಳೇ. ಆದರೆ ಜಂಬ ಅನ್ನುವುದು ಒಂದಿದೆಯಲ್ಲ.

"ಕೊನೇದು ಹಾಕು," ಅಂದೆ ಕಿವುಡನಿಗೆ. "ಅಪ್ಪ, ಇದನ್ನ ಕೇಳು. ಇದು ನನ್ನ ಬೆಸ್ಟ್."

ಗೇಟು ಕಿರುಗುಟ್ಟಿತು. ಆಮೇಲೆ ಹೆಜ್ಜೆಗಳು. ಒಂದು, ಎರಡು, ಮೂರು. ಹತ್ತನೆಯ ಹೆಜ್ಜೆಯ ಹೊತ್ತಿಗೆ ಅಪ್ಪನ ಮುಖದ ನಗು ನಿಂತಿತು. ಇಪ್ಪತ್ತಕ್ಕೆ ಅವನು ತಲೆ ಬಗ್ಗಿಸಿದ, ಅಂಗಡಿಯಲ್ಲಿ ಮಷಿನ್ ಪಕ್ಕ ಬಗ್ಗಿಸುತ್ತಿದ್ದ ಹಾಗೆಯೇ. ನಲವತ್ತೆರಡೂ ಮುಗಿದವು.

"ಯಾರು ಇವನು?" ಅಂದ.

"ಅಪ್ಪ. ಸಿನಿಮಾದ ಅಪ್ಪ. ಜೈಲಿಂದ ಮನೆಗೆ ಬರ್ತಿದಾನೆ."

"ಇವನಿಗೆ ಕಣ್ಣು ಕಾಣಲ್ವಾ?"

"ಕಾಣುತ್ತಲ್ಲ. ಯಾಕೆ?"

"ಮತ್ಯಾಕೆ ನೆಲಾನ ಕೇಳ್ಕೊಂಡು ಕೇಳ್ಕೊಂಡು ನಡೀತಿದಾನೆ?"

ನನಗೆ ಅರ್ಥವಾಗಲಿಲ್ಲ. ಅಪ್ಪ ಕೈಯನ್ನು ಗಾಳಿಯಲ್ಲಿ ಪಾದದ ಹಾಗೆ ಹಿಡಿದು ತೋರಿಸಿದ. "ಕಣ್ಣಿರೋನು ಹಿಮ್ಮಡಿ ಮೊದಲು ಊರ್ತಾನೆ. ಎಷ್ಟೇ ದುಃಖ ಇರ್ಲಿ, ಮುದುಕನಾಗಿರ್ಲಿ, ಹಿಮ್ಮಡೀನೇ. ಇವನದು ನೋಡು, ತುದಿ ಮೊದಲು ಬೀಳ್ತಿದೆ. ಆಮೇಲೆ ಒಂಚೂರು ಸವರ್ತಾನೆ. ಇದೆ ಅಂತ ಗೊತ್ತಾದ್ಮೇಲೆ ಭಾರ ಬಿಡ್ತಾನೆ. ಬಾಗಿಲ ಹತ್ರ ಹೊಸ್ತಿಲನ್ನ ಕಾಲಲ್ಲಿ ಎರಡು ಸಲ ತಟ್ಟಿ ನೋಡ್ದ. ತನ್ನ ಮನೆ ಬಾಗಿಲು ಎದುರಿಗೆ ಕಾಣ್ತಿರೋನು ಯಾಕೆ ತಟ್ಟಿ ನೋಡ್ತಾನೆ? ಇದು ತಪ್ಪು ಕಣೇ."

ಅವನು ಹೇಳುತ್ತಾ ಹೋದ ಹಾಗೆ ನನ್ನ ಕಾಲಿನಲ್ಲಿ ಆ ನಡಿಗೆ ಮತ್ತೆ ಎದ್ದಿತು, ಅದರ ಜೊತೆಗೆ ಅದು ಬಂದದ್ದು ಎಲ್ಲಿಂದ ಅನ್ನುವುದೂ ಎದ್ದಿತು. ಬೆಳಿಗ್ಗೆ ಐದೂವರೆಗೆ ಬಚ್ಚಲಿಗೆ ಹೋಗುವ ಹೆಜ್ಜೆ. ಹಾಸಿಗೆಯಲ್ಲಿ ಮಲಗಿ ನಾನು ದಿನಾ ಕೇಳುವ ಹೆಜ್ಜೆ, ಎಲ್ಲಿಯಾದರೂ ಎಡವುತ್ತಾನೋ ಅಂತ ಉಸಿರು ಹಿಡಿದು ಕೇಳುವ ಹೆಜ್ಜೆ. ಕೇಳುವುದೇ ನನ್ನ ಕಸುಬು ಅಂತ ಮೆರೆಯುವವಳು ನಾನು, ನಾನು ಯಾರನ್ನು ನಡೆಸಿದ್ದೇನೆ ಅಂತ ನನಗೇ ಕೇಳಿಸಿರಲಿಲ್ಲ. ನಿರ್ದೇಶಕ ಕಣ್ಣೊರೆಸಿಕೊಂಡದ್ದು ಅವನ ಕಥೆಗಲ್ಲ. ಆ ಪಿಟೀಲುಗಳಿಗೆ ನಿನ್ನೆ ಹಾಕಿದ ಶಾಪವನ್ನೆಲ್ಲ ವಾಪಸ್ಸು ತೆಗೆದುಕೊಳ್ಳಬೇಕು ಅನಿಸಿತು. ಮುನ್ನೂರು ಜನರ ನಡುವೆ ಕೂತು ಅಪ್ಪ ಇದನ್ನು ಕೇಳಿಸಿಕೊಂಡಿದ್ದರೆ?

ಅಪ್ಪನಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ನಾನು ಮಾತು ನಿಲ್ಲಿಸಿದ್ದೇ ಸಾಕಾಯಿತು ಅವನಿಗೆ.

"ಇನ್ನೊಂದ್ಸಲ ಹಾಕಿ," ಅಂದ ಕಿವುಡನ ಕಡೆ ತಿರುಗಿ.

ಹಾಕಿದ. ಮತ್ತೆ ಗೇಟು, ಮತ್ತೆ ನಲವತ್ತೆರಡು. ಅಪ್ಪ ಕುರ್ಚಿಯ ಕೈ ಹಿಡಿದು ಕೇಳಿದ.

"ಹಿಂಗೇನಾ ನಾನು ನಡೆಯೋದು?"

ಅವರ ಸಿನಿಮಾದಲ್ಲಾಗಿದ್ದರೆ ಮಗಳು ಇಲ್ಲ ಅಪ್ಪ ಇಲ್ಲ ಅಂತ ಓಡಿಹೋಗಿ ತಬ್ಬಿಕೊಳ್ಳುತ್ತಿದ್ದಳು. ನನಗೂ ಹಾಗೆಯೇ ಹೇಳಬೇಕು ಅನಿಸಿತು, ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಎದುರಿಗೆ ಕೂತವನ ಕಿವಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವವರು ಯಾರಿದ್ದಾರೆ?

"ಹೂಂ," ಅಂದೆ.

"ಇಷ್ಟು ಹೆದ್ರಿಕೊಂಡು?"

"ಹೂಂ ಅಪ್ಪ."

"ನಾನು ಮೊದಲಿನ ಥರಾನೇ ನಡೀತಿದೀನಿ ಅನ್ಕೊಂಡಿದ್ದೆ." ಅವನು ತನ್ನ ಎರಡು ಪಾದಗಳನ್ನೂ ನೆಲಕ್ಕೆ ಒತ್ತಿ ಇಟ್ಟುಕೊಂಡು ಕೂತ. ಕಿವುಡ ಎದ್ದು ಹೊರಗೆ ಹೋಗಲು ನೋಡಿದ, ನಾನು ಬೇಡ ಅಂತ ಕೈ ತೋರಿಸಿದೆ. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ನಾನು ಸದ್ದು ಮಾಡಲಿಲ್ಲ. ತಪ್ಪಾಯಿತು ಅಂತ ಹೇಳಬೇಕು, ಯಾವ ತಪ್ಪಿಗೆ ಅಂತ ಗೊತ್ತಾಗಲಿಲ್ಲ.

ಆಮೇಲೆ ಅಪ್ಪನೇ ಗಂಟಲು ಸರಿ ಮಾಡಿಕೊಂಡು, "ಸರಿ, ಏಳು. ಇದನ್ನ ಸರಿ ಮಾಡು," ಅಂದ.

"ಏನನ್ನ?"

"ಆ ನಡಿಗೇನ. ಕಣ್ಣಿರೋನಿಗೆ ಕಣ್ಣಿರೋನ ಹೆಜ್ಜೆ ಹಾಕು."

"ಸಿನಿಮಾ ಬಿಡುಗಡೆ ಆಗಿಹೋಯ್ತಲ್ಲ ಅಪ್ಪ. ಯಾರಿಗೂ ಅದು ಕೇಳಿಸೋದೂ ಇಲ್ಲ."

"ಸಿನಿಮಾ ಹಾಳಾಗಿ ಹೋಗ್ಲಿ. ನಿನ್ನ ಕೆಲಸದಲ್ಲಿ ತಪ್ಪಿದೆ. ತಪ್ಪು ಗೊತ್ತಾದ್ಮೇಲೆ ಹಂಗೇ ಬಿಟ್ಟು ಮನೆಗೆ ಹೋಗ್ತೀಯಾ?"

ನಿನ್ನ ಕೆಲಸ ಅಂದ. ನಾನು ಕೆನ್ನೆ ಒರೆಸಿಕೊಂಡು ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಸಿಮೆಂಟು ಚೌಕದ ಮೇಲೆ ನಿಂತೆ. ಅಪ್ಪನನ್ನೂ ಒಳಗೇ ಕರೆದು, ಗೋಡೆ ಪಕ್ಕ ಸ್ಟೂಲಿನ ಮೇಲೆ ಕೂರಿಸಿದೆ. ಕಿವುಡ ರೆಕಾರ್ಡಿಂಗಿನ ಕೆಂಪು ದೀಪ ಹಾಕಿದ. ಪರದೆಯಲ್ಲಿ ನಟ ಗೇಟು ತೆರೆದ, ನಾನು ನಡೆದೆ.

"ಇಲ್ಲ. ಇನ್ನೂ ನಾನೇ," ಅಂದ ಅಪ್ಪ.

ಮತ್ತೆ ನಡೆದೆ. ಹಿಮ್ಮಡಿ, ಹಿಮ್ಮಡಿ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ.

"ಹಿಮ್ಮಡಿ ಬಂತು. ಆದ್ರೆ ನಡುನಡುವೆ ನಿಂತು ಕೇಳ್ತಿದೀಯ. ಹದಿನೈದನೇದ್ರಿಂದ ಮತ್ತೆ ನಾನೇ ಬಂದೆ."

ಮೂರನೇ ಸಲವೂ ಅವನೇ. ನಾಲ್ಕನೇ ಸಲ ಗೇಟಿನ ಹತ್ತಿರ ಯಾರೋ ಬೇರೆಯವನು ಹೊರಟ, ಬಾಗಿಲ ಹತ್ತಿರ ಬರುವಷ್ಟರಲ್ಲಿ ಅಪ್ಪನಾಗಿದ್ದ. ನನ್ನ ಕಾಲು ಅವನನ್ನು ಬಿಡಲು ಒಪ್ಪುತ್ತಲೇ ಇರಲಿಲ್ಲ. ಬೆವರು ಇಳಿಯುತ್ತಿತ್ತು. ಅವನು ಸ್ಟೂಲಿನ ಮೇಲಿಂದ ಬೈಯುತ್ತಿದ್ದ, ಅಂಗಡಿಯಲ್ಲಿ ಕೆಲಸ ಕಲಿಯುವವರನ್ನು ಬೈಯುತ್ತಿದ್ದ ಹಾಗೆಯೇ, ಎಳ್ಳಷ್ಟೂ ಕನಿಕರ ಇಲ್ಲದೆ: "ಅಲ್ಲೇನು ಗುಂಡಿ ಇದೆ ಅಂತ ನಿಂತೆ? ನಡಿಯೇ!" ಏಳನೇ ಸಲ ನಾನು ನಲವತ್ತೆರಡನ್ನೂ ಮುಗಿಸಿ ನಿಂತಾಗ ಅವನು ಬಗ್ಗಿಸಿದ್ದ ತಲೆ ಎತ್ತಿದ.

"ಹೂಂ," ಅಂದ ಆಮೇಲೆ. "ಇವನಿಗೆ ಕಾಣುತ್ತೆ."

ಗಾಜಿನ ಆಚೆಯಿಂದ ಕಿವುಡ ಮೈಕಿನಲ್ಲಿ ಕೇಳಿದ, "ಹಳೇದನ್ನ ಅಳಿಸಿಬಿಡ್ಲಾ ಮೇಡಂ?"

ನಾನು ಹೂಂ ಅನ್ನಲು ಬಾಯಿ ತೆರೆದೆ.

"ಅಳಿಸ್ಬೇಡಿ," ಅಂದ ಅಪ್ಪ. "ಅದು ಸರಿಯಾಗೇ ಇದೆ. ಆ ಸಿನಿಮಾದೋನಿಗೆ ಹಾಕಿದ್ದು ತಪ್ಪು, ಅಷ್ಟೆ. ಬೇರೆ ಇಟ್ಕೊಳ್ಳಿ. ಯಾವತ್ತಾದ್ರೂ ಬೇಕಾಗುತ್ತೆ ಇವಳಿಗೆ."

ಬೇರೆ ಇಡುವುದಾದರೆ ನಾವು ಅದಕ್ಕೆ ಚೀಟಿ ಬರೆಯಬೇಕು: ಆಸಾಮಿ ಎಂಥವನು, ಕಾಲಲ್ಲಿ ಏನಿದೆ, ನೆಲ ಯಾವುದು. ಹುಡುಗಿ, ಬೂಟು, ಮರ. ಪೊಲೀಸು, ಬೂಟು, ಜಲ್ಲಿ. "ಏನಂತ ಬರ್ಕೊಳ್ಳಲಿ?" ಅಂತ ಕಿವುಡ ಕೇಳಿದ. ಅದನ್ನು ಅಪ್ಪನಿಗೆ ನಾನು ವಿವರಿಸಿ ಹೇಳಿದೆ.

ಅಪ್ಪ ಸ್ಟೂಲಿನಿಂದ ಎದ್ದ. ಗಾಜು ಎಲ್ಲಿದೆಯೋ ಆ ಕಡೆಗೆ ಸರಿಯಾಗಿ ಮುಖ ತಿರುಗಿಸಿ, ಒಂದೊಂದೇ ಪದ ಬಿಡಿಸಿ ಹೇಳಿದ: "ಮುದುಕ. ಕಣ್ಣಿಲ್ಲ. ಚಪ್ಪಲಿ, ಸಿಮೆಂಟು."

ಕಣ್ಣಿಲ್ಲ ಅನ್ನುವ ಮಾತು ಈ ನಾಲ್ಕು ವರ್ಷದಲ್ಲಿ ಅವನ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಕಿವುಡ ಹಾಗೆಯೇ ಬರೆದುಕೊಂಡ.